ಎಡಗೆನ್ನೆಯ ಬೆಣ್ಣೆ

ಬೆಣ್ಣೆ ಅಲಂಕಾರ ನೋಡುವವರು ಶನಿವಾರ ಬರುತ್ತಾರೆ. ಭಾನುವಾರ ಬೆಳಿಗ್ಗೆ ಅದನ್ನು ಕೀಳುವಾಗ ಗರ್ಭಗುಡಿಯಲ್ಲಿ ನಾನೊಬ್ಬನೇ ಇರುತ್ತಿದ್ದೆ.

ಶನಿವಾರ ಮಲ್ಲಿಗೆಯಂತಿದ್ದದ್ದು ಎರಡು ದೀಪಗಳ ಕಾವಿಗೆ ಒಂದು ಹಗಲು, ಒಂದು ರಾತ್ರಿ ಬೆವರಿ, ಹಳದಿ ನೀರು ಬಿಟ್ಟುಕೊಂಡು ಸ್ವಾಮಿಯ ಹೊಟ್ಟೆಯ ಮೇಲಕ್ಕೆ ಜಾರಿರುತ್ತದೆ. ದೀಪದ ಹುಳುಗಳು ರೆಕ್ಕೆ ಸಮೇತ ಅಂಟಿಕೊಂಡಿರುತ್ತವೆ. ಕರ್ಪೂರದ ಮಸಿ ಗೆರೆಗೆರೆಯಾಗಿ ಇಳಿದಿರುತ್ತದೆ. ಅಡಿಯಲ್ಲಿ ಕಲ್ಲಿಗೆ ಹಚ್ಚಿದ ಎಣ್ಣೆ-ಸಿಂಧೂರ ಸೇರಿ, ಬೆಣ್ಣೆ ಹುಣ್ಣಿನ ಬಣ್ಣಕ್ಕೆ ತಿರುಗಿರುತ್ತದೆ. ಮೊಣಕೈವರೆಗೂ ಜಿಡ್ಡು ಮಾಡಿಕೊಂಡು ಅದನ್ನು ಕೊಳಗಕ್ಕೆ ಬಳಿದುಕೊಂಡು ಹೊರಗೆ ಬಂದರೆ, ಟಿಫನ್ ಡಬ್ಬಿಯ ಮುಚ್ಚಳ ಹಿಡಿದ ಜನ ಕಾದಿರುತ್ತಾರೆ.

“ಒಂಚೂರು ಜಾಸ್ತಿ ಹಾಕಿ ಐನೋರೆ, ಮೊಕಕ್ಕೆ ಹಚ್ಚಾಕೆ.”

ನಮ್ಮ ಆಂಜನೇಯನ ಬೆಣ್ಣೆ ಹಚ್ಚಿದರೆ ಮೊಡವೆ, ಮಂಗು, ಇಸುಬು ಎಲ್ಲ ಹೋಗುತ್ತವೆಂದು ಅರಕಲಗೂಡಿನ ಸುತ್ತ ನಂಬಿಕೆ. ಅದನ್ನು ಹಂಚುವ ಅರ್ಚಕನ ಮುಖ ಹೇಗಿದೆ ಎಂದು ನೋಡಿಯೂ ನಂಬುತ್ತಿದ್ದರು. ಅದು ನನಗೆ ಇಂದಿಗೂ ಅರ್ಥವಾಗಿಲ್ಲ.

ನನಗಾಗ ಮೂವತ್ತಮೂರು. ಹುಡುಗರ ವಯಸ್ಸಿನಲ್ಲಿ ಬಂದು ಹೋಗಬೇಕಾದ ಮೊಡವೆಗಳು ನನಗೆ ಇಪ್ಪತ್ತೇಳರ ಮೇಲೆ ಬಂದು ಕುಳಿತವು. ಬೆಳಿಗ್ಗೆ ಸ್ನಾನ ಮಾಡಿ ಹಣೆಗೆ ಬಿಳಿಮಣ್ಣಿನ ನಾಮ ಇಟ್ಟರೆ ಹತ್ತು ಗಂಟೆಗೆ ಅದು ಅಂಗುಲ ಕೆಳಗಿರುತ್ತಿತ್ತು. ನಡುವಿನ ಕೆಂಪು ಗೆರೆ ಜಿಡ್ಡಿನ ಮೇಲೆ ಹರಿದು ಹುಬ್ಬಿಗಿಳಿದು, ಯಾವುದು ನಾಮ, ಯಾವುದು ಮೊಡವೆ ಎಂದು ನನಗೇ ತಿಳಿಯುತ್ತಿರಲಿಲ್ಲ. ಮೂಗಿನ ಪಕ್ಕವನ್ನು ಬೆರಳಿನಿಂದ ಒತ್ತಿದರೆ ಶಾವಿಗೆಯಂಥ ಬಿಳಿ ಎಳೆ ಹೊರಬರುತ್ತಿತ್ತು. ಅಸಹ್ಯಪಡುತ್ತಲೇ ದಿನವೂ ಒತ್ತುತ್ತಿದ್ದೆ.

ತಾತ ಸಂಜೆ ಕಾವ್ಯ ಓದುವುದನ್ನು ಕೇಳುತ್ತ ಬೆಳೆದವನು ನಾನು. ಅವರ ಓದಿನಲ್ಲಿ ಯಾರ ಮುಖವೂ ಬರಿಯ ಮುಖವಲ್ಲ, ಚಂದ್ರನೋ ತಾವರೆಯೋ ಆಗಿರುತ್ತಿತ್ತು. ನನ್ನ ಮುಖಕ್ಕೊಂದು ಹೋಲಿಕೆ ಸಿಕ್ಕಿದ್ದು ಹಿರೀಸಾವೆಯ ಹೆದ್ದಾರಿ ಹೋಟೆಲಿನಲ್ಲಿ. ಅಲ್ಲಿ ಹಳೆಯ ಪೇಪರಿನ ಮೇಲೆ ಬೋಂಡ ಗುಡ್ಡೆ ಹಾಕಿದ್ದರು. ಅಡಿಯ ಪೇಪರು ಎಣ್ಣೆ ಕುಡಿದು ಆಚೆಯ ಅಕ್ಷರ ಕಾಣುತ್ತಿತ್ತು. ನಮ್ಮ ಮನೆಯ ದಿಂಬಿನ ಚೀಲವೂ ಹಾಗೇ ಇತ್ತು.

“ಸೋಡಾ ಹಾಕಿ ಕುದಿಸಿದ್ರೂ ಹೋಗ್ತಿಲ್ಲಾರೀ” ಎಂದು ಪ್ರಿಯಂವದಾ ಚೀಲವನ್ನು ಬೆಳಕಿಗೆ ಹಿಡಿದು ತೋರಿಸಿದ್ದಳು. ಮದುವೆಯಾಗಿ ನಾಲ್ಕು ವರ್ಷ. ಅವಳ ಟವೆಲು ಬೇರೆ ಗೂಟದಲ್ಲಿರುತ್ತಿತ್ತು. ಮಲಗುವಾಗ ಗೋಡೆಯ ಕಡೆ ಮುಖ ಮಾಡುತ್ತಿದ್ದಳು.

ನಮ್ಮ ಮನೆಗಳಲ್ಲಿ ತಂದೆಯನ್ನು ಅಣ್ಣ ಎನ್ನುತ್ತೇವೆ. ನನ್ನ ಅಣ್ಣ ಸಂಪತ್ಕುಮಾರಾಚಾರ್ಯರು ನಲವತ್ತು ವರ್ಷ ಅದೇ ಗುಡಿಯಲ್ಲಿ ಪೂಜೆ ಮಾಡಿ, ಕಣ್ಣು ಮಂಜಾದ ಮೇಲೆ ನನಗೆ ಬಿಟ್ಟಿದ್ದರು. ಅವರ ಔಷಧಿ ಒಂದೇ. “ಉಷ್ಣ ಕಣೋ. ಸ್ವಾಮಿ ಬೆಣ್ಣೆ ಹಚ್ಚಿ ಮಲಕ್ಕೋ.” ಒಂದು ವರ್ಷ ಹಚ್ಚಿದೆ. ನಾತ ಹೊಡೆಯುವ ಬೆಣ್ಣೆ ಬಳಿದುಕೊಂಡು ಮಲಗಿದರೆ ಇರುವೆ ಬರುತ್ತಿದ್ದವು. ಮೊಡವೆಗಳು ಗಂಟಾಗಿ ಗದ್ದದ ಅಡಿಗೂ ಇಳಿದವು.

ಕೊನೆಗೆ ಪ್ರಿಯಂವದಾ ನನ್ನನ್ನು ಹಾಸನದ ಬಸ್ಸು ಹತ್ತಿಸಿದಳು. ಚರ್ಮದ ಡಾಕ್ಟರು ನಡುವಯಸ್ಸಿನ ಹೆಂಗಸು. ಬರೆಯುತ್ತಲೇ ಕೇಳಿದರು.

“ಮುಖಕ್ಕೆ ಏನ್ ಹಚ್ತೀರ?”

“ಬೆಣ್ಣೆ.”

“ತಿನ್ನೋದಲ್ಲ, ಹಚ್ಚೋದು ಕೇಳಿದೆ.”

“ಹಚ್ಚೋದೇ ಡಾಕ್ಟ್ರೇ. ಸ್ವಾಮೀದು.”

ಪೆನ್ನು ನಿಂತಿತು. ಮೇಜಿನ ಮೇಲೆ ಅವರದೂ ಒಂದು ದೇವರ ಪಟವಿತ್ತು. ಅದನ್ನೊಮ್ಮೆ ನೋಡಿ, “ಸ್ವಾಮಿ ಮೈ ಕಲ್ಲು. ಅದಕ್ಕೆ ರಂಧ್ರ ಇಲ್ಲ, ನಿಮಗಿದೆ” ಎಂದರು. ಎರಡು ಹೊತ್ತು ಸೋಪು ಹಾಕಿ ಮುಖ ತೊಳೆಯಬೇಕು, ಎಣ್ಣೆ-ಬೆಣ್ಣೆ ಮುಟ್ಟಿಸಬಾರದು, ಚಿವುಟಬಾರದು, ಮಲಗುವಾಗ ಟ್ಯೂಬಿನ ಮುಲಾಮು, ಮೂರು ತಿಂಗಳು ತಾಳ್ಮೆ. ಒಂದು ಸೋಪನ್ನೂ ಬರೆದುಕೊಟ್ಟರು.

ಅಣ್ಣ ಸೋಪನ್ನು ಮೂಸಿ ಕೆಳಗಿಟ್ಟರು. “ಇದಕ್ಕೆ ಏನ್ ಹಾಕ್ತಾರೆ ಗೊತ್ತೇನೋ? ಕೊಬ್ಬು. ಯಾವುದರದೋ ಏನೋ. ಇದನ್ನ ತಿಕ್ಕೊಂಡು ಸ್ವಾಮಿ ಮುಟ್ತೀಯಾ?”

ಸೋಪೂ ಟ್ಯೂಬೂ ಕನ್ನಡಿಯ ಹಿಂದೆ ಹೋದವು. ನಾನು ಮಾತು ಮೀರುವವನಲ್ಲ. ಅದು ಗುಣವೆಂದು ಆಗ ತಿಳಿದಿದ್ದೆ.

೧೯೯೯ರ ಮಾರ್ಗಶಿರದ ಒಂದು ಶನಿವಾರದ ಸೇವೆ ನೀಲಗಂಗಮ್ಮನವರದು. ಪೇಟೆಯಲ್ಲಿ ಜವಳಿ ಅಂಗಡಿಯವರು, ಗುಡಿಗೆ ಕಿಟಕಿ-ಬಾಗಿಲು ಮಾಡಿಸಿಕೊಟ್ಟವರು. ಅವರ ಮಗಳು ಮಾನ್ಯಳಿಗೆ ಇಪ್ಪತ್ತೆಂಟು, ಚನ್ನರಾಯಪಟ್ಟಣದಲ್ಲಿ ಹೈಸ್ಕೂಲ್ ಟೀಚರ್. ಅವಳ ಕೆನ್ನೆಯಲ್ಲೂ ನನ್ನ ಬೆಳೆಯೇ. ಸೇವೆ ಅದಕ್ಕಾಗಿಯೇ ಇತ್ತು. ಹರದನಹಳ್ಳಿ ಕಡೆಯಿಂದ ಎಂಟು ಸೇರು ಎಮ್ಮೆ ಬೆಣ್ಣೆ ತರಿಸಿದ್ದರು.

ಶನಿವಾರ ನಸುಕಿನಲ್ಲಿ ಪರದೆ ಎಳೆದು ಕೆಲಸಕ್ಕೆ ಕುಳಿತೆ. ಕೈಯನ್ನು ತಣ್ಣೀರಿಗದ್ದಿ, ಬೆಣ್ಣೆಯನ್ನು ಉಂಡೆ ಮಾಡಿ ಕಲ್ಲಿನ ಮೇಲೆ ಒತ್ತಬೇಕು. ಪಾದದಿಂದ ಹತ್ತುತ್ತ ಹೋಗಿ ಮುಖ ಕೊನೆಗೆ. ಹೊರಗೆ ಚಳಿ, ಒಳಗೆ ಕುಲುಮೆ. ಗದ್ದದಲ್ಲಿ ಮೂರು ದಿನದಿಂದ ಒಂದು ಗಂಟು ಹಣ್ಣಾಗಿ ಮಿಡಿಯುತ್ತಿತ್ತು. ಸ್ವಾಮಿಯ ಎಡಗೆನ್ನೆ ನಯ ಮಾಡಲು ಬಾಗಿದಾಗ ಗದ್ದ ನನ್ನದೇ ಭುಜಕ್ಕೆ ಉಜ್ಜಿತು. ಒಳಗೇನೋ ಪಟ್ಟೆಂದಿತು.

ಬಿದ್ದದ್ದು ಒಂದೇ ತೊಟ್ಟು. ಬಿಳಿಯ ಮೇಲೆ ಹಳದಿ, ಹಳದಿಯ ಅಂಚಿಗೆ ಕೆಂಪಿನ ಎಳೆ.

ಅದನ್ನು ಬಳಿದು ತೆಗೆದು, ಅಲಂಕಾರವೆಲ್ಲ ಕಿತ್ತು, ಸ್ನಾನ ಮಾಡಿ, ಶುದ್ಧಿ ಮಾಡಿ, ಹೊಸದಾಗಿ ತೊಡಗಬೇಕು. ಹೊಸ ಬೆಣ್ಣೆ ಎಲ್ಲಿಂದ? ಏಕೆಂದು ಕೇಳಿದರೆ ಏನು ಹೇಳಲಿ? ಹೇಳಿದರೆ ಮೂರು ತಲೆಮಾರಿನ ಪೂಜೆ ಅಂದಿಗೆ ಮುಗಿಯಿತು.

“ಐನೋರೆ, ಪರದೆ ಯಾವಾಗ ತೆಗೀತೀರಾ? ನಮ್ಮೋರೆಲ್ಲ ಬಂದವ್ರೆ!” ಹೊರಗಿನಿಂದ ನೀಲಗಂಗಮ್ಮ.

ಕೈ ತಾನಾಗಿ ಒಂದು ಉಂಡೆ ಬೆಣ್ಣೆ ತೆಗೆದುಕೊಂಡು ಅದರ ಮೇಲೆ ಒತ್ತಿತು. ಜಾಗ ಮರೆಯದಿರಲೆಂದು ನೈವೇದ್ಯದ ತಟ್ಟೆಯಿಂದ ಒಂದು ಒಣದ್ರಾಕ್ಷಿ ತೆಗೆದು ಮೇಲಿಟ್ಟೆ. ಗದ್ದ ಒರೆಸಿಕೊಂಡು ಪರದೆ ಸರಿಸಿದೆ.

“ಅಯ್ಯೋ ನನ್ನಪ್ಪ!” ಎಂದು ಅವರು ಕೆನ್ನೆ ಕೆನ್ನೆ ಬಡಿದುಕೊಂಡರು. “ನೋಡೇ ಮಾನ್ಯ, ಕೆನ್ನೆ ಮ್ಯಾಲೆ ದೃಷ್ಟಿಬೊಟ್ಟು ಬ್ಯಾರೆ ಇಟ್ಟವ್ರೆ! ಹೆಂಗೆ ಹೊಳೀತಾವ್ನೆ!”

ಅಂದು ಬಂದವರೆಲ್ಲ ಆ ದೃಷ್ಟಿಬೊಟ್ಟನ್ನೇ ಹೊಗಳಿದರು. ನೂರೆಂಟು ನಾಮ ಹೇಳುವಾಗ ನನಗೆ ನಲವತ್ತರ ಆಸುಪಾಸು ತಪ್ಪಿತು. ಹುಟ್ಟಿದಾಗಿನಿಂದ ಕಿವಿಯಲ್ಲಿದ್ದ ನಾಮಗಳು. ಮಂಗಳಾರತಿ ಎತ್ತಿದಾಗ ಬೆಳಕು ನೇರ ಆ ದ್ರಾಕ್ಷಿಯ ಮೇಲೆ ಬಿತ್ತು.

ಭಾನುವಾರ ಬೇಗ ಹೋಗಿ ಮೊದಲು ಎಡಗೆನ್ನೆಯ ಬೆಣ್ಣೆಯನ್ನು, ಕತ್ತಿನವರೆಗೂ ಜಾರಿದ್ದನ್ನೂ ಸೇರಿಸಿ, ಒಂದು ಬಾಳೆಲೆಗೆ ಬಳಿದೆ. ದ್ರಾಕ್ಷಿ ಉಬ್ಬಿ ಮೆತ್ತಗಾಗಿತ್ತು. ಕಣಗಿಲೆ ಗಿಡದ ಬುಡದಲ್ಲಿ ಹೂಳುವುದೆಂದು ಎಲೆಯನ್ನು ಹೊಸ್ತಿಲ ಪಕ್ಕದಲ್ಲಿಟ್ಟೆ. ಉಳಿದದ್ದನ್ನು ಕೊಳಗಕ್ಕೆ ತುಂಬಿ ತಿರುಗುವಷ್ಟರಲ್ಲಿ ನೀಲಗಂಗಮ್ಮ ಮಗಳ ಕೈ ಹಿಡಿದುಕೊಂಡು ಬಂದೇಬಿಟ್ಟಿದ್ದರು. ಹಿಂದೆ ಮುಚ್ಚಳ ಹಿಡಿದ ಏಳೆಂಟು ಜನ, ಗುಡಿ ಕಮಿಟಿಯ ಚಂದ್ರಯ್ಯನವರೂ ಇದ್ದರು.

“ನೋಡುದ್ರಾ ಐನೋರ ಒಳ್ಳೇತನವ!” ನೀಲಗಂಗಮ್ಮ ಎಲೆ ಎತ್ತಿಕೊಂಡರು. “ಕೇಳೋಕ್ ಮುಂಚೆನೇ ನಮ್ಗೆ ಅಂತ ಬ್ಯಾರೆ ತೆಗೆದು ಮಡಗವ್ರೆ. ದೃಷ್ಟಿಬೊಟ್ಟಿನ್ ಕೆನ್ನೇದೇ!”

ನಾನು ಕೈ ಚಾಚಿದೆ. ಅಷ್ಟರಲ್ಲಿ ಅವರು ಆ ದ್ರಾಕ್ಷಿಯನ್ನು ಬಾಯಿಗೆ ಹಾಕಿಕೊಂಡಿದ್ದರು. ಕಣ್ಣು ಮುಚ್ಚಿ ಭಕ್ತಿಯಿಂದ ಅಗಿಯುತ್ತಿದ್ದರು. ಎರಡು ಬೆರಳಿಗೆ ಬೆಣ್ಣೆ ತೆಗೆದುಕೊಂಡು ಮಗಳ ಕಡೆ ತಿರುಗಿದರು.

“ಬ್ಯಾಡ ಕಣವ್ವ, ನಾತ ಹೊಡೀತದೆ” ಎಂದು ಮಾನ್ಯ ಮುಖ ತಿರುಗಿಸಿದಳು.

“ಥೂ, ಸ್ವಾಮಿದ್ಕೆ ಹಂಗನ್ಬಾರ್ದು, ತಿರುಗ್ಸು ಮೊಕವ.”

ಆ ಬೆರಳು ಅವಳ ಕೆನ್ನೆಯ ಹುಣ್ಣಿನ ಹತ್ತಿರ ಹೋಯಿತು. ಕುಯ್ದಂತಿದ್ದ ಹಸಿ ಹುಣ್ಣು. ನನ್ನ ಗಂಟಲಿನಿಂದ ಮಾತು ತಾನೇ ಬಂತು.

“ಹಚ್ಬೇಡಿ ಅಮ್ಮ. ಅದರಲ್ಲಿ ನನ್ನ ಮೊಡವೆ ಒಡೆದು ಬಿದ್ದಿದೆ.”

“ಏನಂದ್ರಿ?”

“ನಿನ್ನೆ ಬೆಳಿಗ್ಗೆ. ಕೀವು. ಅದರ ಮೇಲೇ ದ್ರಾಕ್ಷಿ ಇಟ್ಟಿದ್ದೆ.”

ಅವರ ಬಾಯಿ ಅಗಿಯುವುದನ್ನು ನಿಲ್ಲಿಸಿತು. ಒಂದು ಗಳಿಗೆ ಅವರು ನನ್ನ ಗದ್ದವನ್ನೇ ನೋಡಿದರು. ಅಲ್ಲಿನ್ನೂ ಹಕ್ಕಳೆ ಕಟ್ಟಿರಲಿಲ್ಲ. ಆಮೇಲೆ ಎಲೆ ಬಿಸುಟು ನಲ್ಲಿಯ ಕಡೆ ಓಡಿದರು. ಗಂಟಲಿಗೆ ಬೆರಳು ಹಾಕಿ ಕಕ್ಕಿದರು. ಬಾಯಿ ಮುಕ್ಕಳಿಸಿದರು, ಮತ್ತೆ ಕಕ್ಕಿದರು. ಮುಚ್ಚಳಗಳು ಒಂದೊಂದಾಗಿ ಕೆಳಗಿಳಿದವು. ಹಿಂದಿನ ವಾರಗಳ ಬೆಣ್ಣೆಯನ್ನು ಎಲ್ಲರೂ ಒಟ್ಟಿಗೆ ನೆನೆಸಿಕೊಳ್ಳುತ್ತಿದ್ದಾರೆಂದು ಮುಖಗಳಲ್ಲೇ ಕಾಣುತ್ತಿತ್ತು.

“ಅವ್ನ ಕೈಲಿ ಇನ್ ಸ್ವಾಮಿ ಮುಟ್ಟಿಸ್ಬ್ಯಾಡಿ ಚಂದ್ರಯ್ಯ! ಥೂ! ಥೂ!” ನಲ್ಲಿಯ ಕಡೆಯಿಂದ ಕೂಗು.

ಚಂದ್ರಯ್ಯ ನನ್ನ ಮುಖ ನೋಡದೆ, “ನಾಳಿಂದ ಹೊಳೇನರಸೀಪುರದ ನಿಮ್ ತಮ್ಮೋರು ವಸಿಷ್ಠಯ್ನೋರ್ನ ಕಳ್ಸಿ” ಎಂದು ಬೀಗದ ಕೈಗಾಗಿ ಅಂಗೈ ಒಡ್ಡಿದರು. ಕೊಟ್ಟೆ. ಜಿಡ್ಡಾಗಿತ್ತೆಂದು ಅವರು ಅದನ್ನು ಪಂಚೆಗೆ ಒರೆಸಿಕೊಂಡರು.

ಎಲ್ಲರೂ ಹೋದ ಮೇಲೆ ಮಾನ್ಯ ತಾಯಿಯ ಚಪ್ಪಲಿಗಾಗಿ ವಾಪಸು ಬಂದಳು.

“ನೀವು ಮುಖಕ್ಕೆ ಏನ್ ಹಚ್ತೀರಾ ಸ್ವಾಮಿ?”

“ಇದೇ ಬೆಣ್ಣೆ.”

“ಛೀ!” ಎಂದಳು, ಮನಸಾರೆ. ಚಪ್ಪಲಿ ಎತ್ತಿಕೊಂಡು, “ಡಾಕ್ಟ್ರುಗೆ ತೋರಿಸಿಲ್ವಾ?”

ಹಾಸನದ ಡಾಕ್ಟರ ಹೆಸರು ಹೇಳಿದೆ. ಸೋಪಿನ ಹೆಸರೂ ಹೇಳಿದೆ. ಕನ್ನಡಿಯ ಹಿಂದಿದೆ ಎಂದು ಮಾತ್ರ ಹೇಳಲಿಲ್ಲ.

ನಾನು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಅಣ್ಣ ಜಗಲಿಯಲ್ಲಿ ಕುಳಿತಿದ್ದರು.

“ನಿಜವೇನೋ?”

“ನಿಜ ಅಣ್ಣ.”

“ಯಾವಾಗ ಗೊತ್ತಾಯ್ತು?”

“ನಿನ್ನೆ ಬೆಳಿಗ್ಗೆನೇ. ಬಿದ್ದ ಕೂಡಲೇ.”

“ಆಮೇಲೂ ಮಂಗಳಾರತಿ ಎತ್ತಿದೆ.” ಮಂಜುಗಣ್ಣು ನನ್ನ ದನಿಯ ಕಡೆ ತಿರುಗಿತು. “ಮುಖದ್ದು ರೋಗ ಕಣೋ. ಅದರ ಮೇಲೆ ದ್ರಾಕ್ಷಿ ಇಟ್ಟೆಯಲ್ಲ, ಅದು ಹೊಲಸು.”

ನಾನು ಬಚ್ಚಲಿಗೆ ಹೋದೆ. ಪ್ರಿಯಂವದಾ ಕೇಳದೆಯೇ ಸೋಪು ತಂದು ಕೊಟ್ಟಳು. ಮೊದಲ ಸಲ ತೊಳೆದಾಗ ನೊರೆಯೇ ಬರಲಿಲ್ಲ. ಎರಡನೆಯ ಸಲಕ್ಕೆ ಬೂದು ಬಣ್ಣದ ನೊರೆ ಬಂತು. ಬಚ್ಚಲ ನೀರಿನ ಮೇಲೆ ಸಾರಿನ ಮೇಲಿನಂತೆ ಎಣ್ಣೆಯ ಕಣ್ಣುಗಳು ತೇಲಿದವು. ಜಗಲಿಯಿಂದ ಅಣ್ಣ ಏನೂ ಅನ್ನಲಿಲ್ಲ. ಸೋಪಿನ ವಾಸನೆ ಅಲ್ಲಿಗೆ ಹೋಗದಿರಲು ಸಾಧ್ಯವಿರಲಿಲ್ಲ.

ಮುಲಾಮು ಮೊದಲ ತಿಂಗಳು ಮುಖವನ್ನು ಸುಲಿಯಿತು. ಹುರುಪೆ ಹುರುಪೆಯಾಗಿ ಎದ್ದ ಚರ್ಮ ಅನ್ನದ ತಟ್ಟೆಗೆ ಉದುರಿತು. ಕೆಂಪು ಟವೆಲಿನಲ್ಲಿ ಮುಖ ಒತ್ತಿದ ಜಾಗವೆಲ್ಲ ಮುಲಾಮು ತಗುಲಿ ಬಣ್ಣ ಬಿಟ್ಟು ಬಿಳಚಿಕೊಂಡಿತು. ಪೂಜೆಯಿಲ್ಲದ ಬೆಳಗುಗಳಲ್ಲಿ ಅಣ್ಣನಿಗೆ ತಾತನ ಪುಸ್ತಕ ಓದಿ ಹೇಳುತ್ತಿದ್ದೆ. ಮೂರನೆಯ ತಿಂಗಳಿಗೆ ದಿಂಬಿನ ಚೀಲ ಎರಡು ದಿನ ಬೆಳ್ಳಗೇ ಉಳಿಯತೊಡಗಿತು.

ಫಾಲ್ಗುಣದಲ್ಲಿ ವಸಿಷ್ಠನಿಗೆ ಜ್ವರ ಬಂದು ಒಂದು ದಿನದ ಮಟ್ಟಿಗೆ ನನ್ನನ್ನು ಕರೆದರು. ತೀರ್ಥದ ಬಟ್ಟಲು ಹಿಡಿದು ನಿಂತೆ. ಸಾಲಿನಲ್ಲಿ ನೀಲಗಂಗಮ್ಮ ಬಂದರು. ಬಲಗೈ ಒಡ್ಡಿ, ಬದನೆಕಾಯಿಯಲ್ಲಿ ಹುಳು ಹುಡುಕುವವರ ಹಾಗೆ ನನ್ನ ಹಣೆ, ಮೂಗು, ಗದ್ದವನ್ನೆಲ್ಲ ನೋಡಿದರು. ಉದ್ಧರಣೆಯಲ್ಲಿ ತೀರ್ಥ ಬಿಟ್ಟೆ. ಅಂಗೈ ತುಟಿಯವರೆಗೆ ಹೋಗಿ ನಿಂತಿತು. ತೀರ್ಥವನ್ನೆಲ್ಲ ತಲೆಗೆ ಸವರಿಕೊಂಡರು.

“ಮೊಕ ಸುಮಾರಾಗದೆ ಐನೋರೆ. ನಮ್ಮುಡ್ಗಿದೂ ವಾಸಿ ಆಯ್ತಾ ಅದೆ” ಎಂದರು ಮೆಲ್ಲಗೆ. “ತಪ್ಪು ತಿಳ್ಕಬ್ಯಾಡಿ. ಬಾಯಿಗ್ ಹಾಕ್ಕಂಡ್ರೆ ಆ ದ್ರಾಕ್ಷಿ ಗ್ಯಾಪ್ಕ ಬತ್ತದೆ.”

ತಪ್ಪು ಹೇಗೆ ತಿಳಿದುಕೊಳ್ಳಲಿ? ಮನೆಯಲ್ಲಿ ಪಾಯಸ ಮಾಡಿದ ದಿನ, ಲೋಟದ ಮೇಲೆ ಉಬ್ಬಿ ತೇಲುವ ದ್ರಾಕ್ಷಿಗಳನ್ನು ಪ್ರಿಯಂವದಾ ಕೇಳದೆಯೇ ಒಂದೊಂದಾಗಿ ತೆಗೆದು ಆಮೇಲೆ ನನಗೆ ಕೊಡುತ್ತಾಳೆ.