ಲೋಕಯ್ಯನವರ ಅಳಿಯ

ಬಸದಿ ನೋಡಲು ಹೋದವರು ಬಸದಿಯನ್ನು ನೋಡಬೇಕು. ನಾನು ಜತ್ತಪ್ಪನನ್ನು ನೋಡಬೇಕಾಗಿತ್ತು. ಆ ದಿನದ ತಲೆನೋವೆಲ್ಲ ಅದೇ.

ಅಪ್ಪ ನನ್ನನ್ನು ತುಮಕೂರಿನಿಂದ ಮೂಡುಬಿದಿರೆಗೆ ಕರೆತಂದದ್ದು ೧೯೫೯ರ ಬೇಸಿಗೆಯಲ್ಲಿ. ಶ್ರವಣಬೆಳಗೊಳದಲ್ಲಿ ಪರಿಚಯವಾಗಿದ್ದ ಲೋಕಯ್ಯನವರು ಅಪ್ಪನನ್ನು ಕರೆದಿದ್ದರು. ಸಾವಿರ ಕಂಬದ ಬಸದಿ ನೋಡಿದ ಹಾಗೂ ಆಯಿತು, ನಮ್ಮ ಮನೆಯ ಹುಡುಗನನ್ನು ನೋಡಿದ ಹಾಗೂ ಆಯಿತು ಎಂದಿದ್ದರಂತೆ. ಹುಡುಗ ಯಾರೆಂದು ಅಪ್ಪ ಬಿಡಿಸಿ ಕೇಳಿರಲಿಲ್ಲ. ಲೋಕಯ್ಯನವರ ಮನೆಯ ಹುಡುಗ ಎಂದರೆ ಲೋಕಯ್ಯನವರ ಮಗ, ಅದರಲ್ಲಿ ಕೇಳುವುದೇನಿದೆ? ಅವರೂ ಜೈನರು, ನಾವೂ ಜೈನರು. ಎರಡು ಊರೂ ಈಗ ಒಂದೇ ರಾಜ್ಯದಲ್ಲಿದ್ದವು. ಮಾತೂ ಒಂದೇ ಎಂದುಕೊಂಡಿದ್ದೆವು.

ಬಸದಿಯ ಬಾಗಿಲಲ್ಲಿ ಲೋಕಯ್ಯನವರು ತಮ್ಮ ಕಡೆಯವರನ್ನು ಪರಿಚಯಿಸಿದರು. ಮಗ ಜತ್ತಪ್ಪ, ಮಗಳು ಲೋಲಾಕ್ಷಿ. ಆಮೇಲೆ ಕೊಡೆ ಹಿಡಿದು ನಿಂತಿದ್ದ ಎತ್ತರದ ಯುವಕನ ಹೆಗಲ ಮೇಲೆ ಕೈಯಿಟ್ಟರು.

"ಇವ ಧರ್ಣಪ್ಪ, ನನ್ನ ಅಳಿಯ. ನನ್ನ ನಂತರ ಮನೆಯ ಯಜಮಾನಿಕೆ ಇವನಿಗೇ."

ಲೋಲಾಕ್ಷಿಯ ಕೊರಳಲ್ಲಿ ಕರಿಮಣಿ ಇತ್ತು. ಸರಿ, ಇವಳ ಗಂಡ ಎಂದುಕೊಂಡೆ. ಆದರೆ ಸ್ವಂತ ಮಗನನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡು, ಮನೆಯೆಲ್ಲ ಅಳಿಯನದು ಎಂದು ಹೆಮ್ಮೆಯಿಂದ ಹೇಳುವ ತಂದೆಯನ್ನು ನಾನು ಅದೇ ಮೊದಲು ಕಂಡದ್ದು. ಮಗನೋ, ಹೌದು ಹೌದು ಎಂದು ತಲೆಯಾಡಿಸುತ್ತಿದ್ದ. ಇವನಿಗೆ ರೋಷವೇ ಇಲ್ಲವೇ? ಇಂಥವನನ್ನು ಕಟ್ಟಿಕೊಂಡು ನಾನು ಯಾರ ಮನೆಯಲ್ಲಿ ಅನ್ನ ಬೇಯಿಸಲಿ? ನನಗೆ ಮೊದಲೇ ಸಿಟ್ಟು ಮೂಗಿನ ತುದಿಯಲ್ಲಿ. ಅಂಗಳದ ಕಲ್ಲು ಬಿಸಿಲಿಗೆ ಕಾದು ಬರಿಗಾಲನ್ನು ಸುಡುತ್ತಿತ್ತು, ಅದರ ಮೇಲೆ ಇದು ಬೇರೆ.

ಒಳಗೆ ತಂಪಿತ್ತು. ಒಂದು ಕಂಬದ ಹಾಗೆ ಇನ್ನೊಂದಿಲ್ಲವೆಂದು ಧರ್ಣಪ್ಪ ಪಾಠ ಓದುವವರಂತೆ ನಿಧಾನವಾಗಿ ಹೇಳುತ್ತ ಬಂದರು. ಜತ್ತಪ್ಪ ಊಟದ ಹೊತ್ತಾಯಿತೆಂದು ಆಕಳಿಸುತ್ತ ಬಂದ. ನಾನು ಜತ್ತಪ್ಪನ ಕಿವಿ, ಮೂಗು, ನಡಿಗೆ ಎಲ್ಲವನ್ನೂ ಶ್ರದ್ಧೆಯಿಂದ ಗಮನಿಸಿದೆ. ಒಂದರಲ್ಲೂ ನನ್ನ ಮನಸ್ಸು ನಿಲ್ಲಲಿಲ್ಲ.

ಭೈರಾದೇವಿ ಮಂಟಪದ ಬುಡದಲ್ಲಿ ಉದ್ದ ಕತ್ತಿನ ಒಂದು ಪ್ರಾಣಿಯನ್ನು ಕೆತ್ತಿದ್ದರು. ಅಪ್ಪ ಅದನ್ನು ಒಂಟೆ ಎಂದರು. ಅಲ್ಲ, ಜಿರಾಫೆ ಎಂದರು ಧರ್ಣಪ್ಪ. ಕೆತ್ತಿದವರು ಅದನ್ನು ಕಂಡಿರಲಾರರು, ಹಡಗಿನವರು ಹೇಳಿದ್ದನ್ನು ಕೇಳಿ ಕೆತ್ತಿರಬೇಕು ಎಂದು ನಕ್ಕರು. ನಾನೂ ನಕ್ಕೆ. ಅಲ್ಲಿಂದ ಹೊರಡುವಾಗ ಅವರು ಕೊಡೆಯನ್ನು ನನಗೆ ಕೊಟ್ಟು ತಾವು ಬಿಸಿಲಲ್ಲಿ ನಡೆದರು.

ನನಗೆ ಏನೂ ತಿಳಿಯದಾಯಿತು. ಹೆಂಡತಿ ಜೊತೆಯಲ್ಲೇ ಇರುವಾಗ ಈ ಮನುಷ್ಯನಿಗೆ ನನ್ನ ಮೇಲೇಕೆ ಇಷ್ಟು ಕಾಳಜಿ? ಆ ಹೆಂಡತಿಯಾದರೂ ಮುಖ ಊದಿಸಬೇಡವೇ? ಅವಳು ನನ್ನನ್ನು ಮೊಣಕೈಯಿಂದ ತಿವಿದು ನಗುತ್ತಿದ್ದಳು. ಇನ್ನೊಬ್ಬಳ ಗಂಡ ನನಗೆ ಇಷ್ಟವಾಗಿಬಿಟ್ಟಿದ್ದ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಹೊರಗೆ ಮರದ ನೆರಳಿನಲ್ಲಿ ಕೂತಾಗ ಲೋಕಯ್ಯನವರು ಹುಡುಗನ ವಿಷಯ ಎಂತ ಹೇಳ್ತೀರಿ ಎಂದು ಕೇಳಿದರು. ಅಪ್ಪ ಸುತ್ತಿ ಬಳಸಿ ಮಾತಾಡಿದರು. ಜತ್ತಪ್ಪ ಸಾಧು ಹುಡುಗ, ಆದರೆ ಆಸ್ತಿಯೆಲ್ಲ ಅಳಿಯನಿಗೆ ಹೋದರೆ ನನ್ನ ಮಗಳ ಗತಿಯೇನು ಎಂದರು. ಲೋಕಯ್ಯನವರು ಕಣ್ಣು ಕಣ್ಣು ಬಿಟ್ಟರು. ಜತ್ತಪ್ಪನಿಗೆ ಕಾರ್ಕಳದ ಹುಡುಗಿ ಆಗಲೇ ನಿಶ್ಚಯವಾಗಿದ್ದಳು.

"ಮತ್ತೆ ನಾವು ನೋಡಬೇಕಾದ ಹುಡುಗ ಯಾರು?"

"ಧರ್ಣಪ್ಪ. ಹೇಳಿದೆನಲ್ಲ, ನನ್ನ ಅಳಿಯ ಅಂತ."

ಅಪ್ಪ ದಡಕ್ಕನೆ ಎದ್ದರು. ಹೆಂಡತಿಯನ್ನು ಎದುರಿಗೆ ಕೂರಿಸಿಕೊಂಡು ಎರಡನೇ ಸಂಬಂಧ ಕೇಳ್ತೀರಾ ಎಂದು ಅವರು ಗದರಿದಾಗ ಲೋಲಾಕ್ಷಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳ ಗಂಡ ಬೊಂಬಾಯಿಯಲ್ಲಿದ್ದ. ಧರ್ಣಪ್ಪ ಲೋಕಯ್ಯನವರ ಅಕ್ಕನ ಮಗ. ಈ ಕಡೆ ಅಳಿಯನೆಂದರೆ ಮಗಳ ಗಂಡನಿಗಿಂತ ಮೊದಲು ಅಕ್ಕತಂಗಿಯರ ಮಗನೇ. ಸೋದರಮಾವನ ಮನೆ ಅಳಿಯನಿಗೆ, ಆ ಅಳಿಯನ ನಂತರ ಅವನ ಅಕ್ಕತಂಗಿಯರ ಮಕ್ಕಳಿಗೆ. ಹೊಸ ಕಾಯ್ದೆ ಏನೋ ಬಂದಿದೆಯಂತೆ, ಆದರೂ ಮನೆಯಲ್ಲಿ ನಡೆಯುವುದು ಹೀಗೆಯೇ ಎಂದರು ಲೋಕಯ್ಯನವರು.

ನನ್ನ ಎದೆಯ ಮೇಲಿನ ಭಾರ ಇಳಿಯಿತು. ಇಳಿದದ್ದು ಒಂದೇ ಗಳಿಗೆ. ಅಪ್ಪ ಕೂತು ಯೋಚಿಸುತ್ತಿದ್ದರು, ಅವರ ಮುಖ ಕಪ್ಪಿಟ್ಟಿತು. ಹಾಗಾದರೆ ನನ್ನ ಮೊಮ್ಮಕ್ಕಳು ಈ ಮನೆಯವರಲ್ಲವೇ ಎಂದು ಕೇಳಿದರು. ಅಲ್ಲ ಎಂದು ಲೋಕಯ್ಯನವರು ಸಹಜವಾಗಿಯೇ ಹೇಳಿದರು.

ಅಪ್ಪ ಚೀಲ ಎತ್ತಿಕೊಂಡು, ನಡಿ, ಬಸ್ಸಿಗೆ ಹೊತ್ತಾಯಿತು ಎಂದರು.

ಆಗ ನಾನು ಸುಮ್ಮನಿದ್ದಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಗಂಡಿನ ಕಡೆಯವರ ಎದುರು ಹುಡುಗಿ ಬಾಯಿ ತೆರೆಯುವ ಪದ್ಧತಿ ನಮ್ಮಲ್ಲಿಲ್ಲ. ಆದರೂ ಧರ್ಣಪ್ಪನವರ ಕಡೆ ತಿರುಗಿದೆ.

"ಮಕ್ಕಳು ನಿಮ್ಮ ಮನೆಯವರಲ್ಲ ಅಂದ್ರೆ ಮತ್ತೆ ಯಾರವರು?"

ಅವರಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ.

"ತಾಯಿಯವರು. ನಿಮ್ಮವರು. ಬೇರೆ ಯಾರವರಾಗ್ತಾರೆ?"

ಅಪ್ಪನಿಗೆ ಅದು ಅವಮಾನದ ಮಾತಾಗಿ ಕೇಳಿಸಿತು. ನನ್ನ ಕಣ್ಣ ಮುಂದೆ ಬಂದದ್ದು ಅಮ್ಮ. ಜಗಳವಾದಾಗಲೆಲ್ಲ ಅಮ್ಮ ತವರಿಗೆ ಹೊರಡಲು ಬಟ್ಟೆ ಗಂಟು ಕಟ್ಟುತ್ತಿದ್ದಳು. ಹೋಗುವುದಾದರೆ ಹೋಗು, ನನ್ನ ಮಕ್ಕಳನ್ನು ಬಿಟ್ಟು ಹೋಗು ಎನ್ನುತ್ತಿದ್ದರು ಅಪ್ಪ. ಅಮ್ಮ ಗಂಟು ಬಿಚ್ಚಿ ಒಲೆ ಹಚ್ಚುತ್ತಿದ್ದಳು. ಹೆತ್ತವಳು ಅವಳು, ಮಕ್ಕಳು ಮಾತ್ರ ಅಪ್ಪನವು. ಅದರಲ್ಲಿ ತಪ್ಪೇನಿದೆ ಎಂದು ನನಗೂ ಅಂದಿನವರೆಗೆ ಅನಿಸಿರಲಿಲ್ಲ. ಈ ಊರಿನ ಲೆಕ್ಕ ಪೂರ್ತಿ ತಲೆಗೆ ಹತ್ತಿರಲಿಲ್ಲ, ಆದರೆ ಹತ್ತಿದಷ್ಟೇ ಸಾಕಾಗಿತ್ತು.

"ಅಪ್ಪಾ, ನನಗೆ ಇವರು ಒಪ್ಪಿಗೆ."

ಅಪ್ಪ ಎತ್ತಿಕೊಂಡಿದ್ದ ಚೀಲವನ್ನು ಕೆಳಗಿಟ್ಟರು. ನನ್ನೊಬ್ಬಳಿಗೇ ಕೇಳಿಸುವ ಹಾಗೆ, ಮೊಮ್ಮಕ್ಕಳು ಈ ಮನೆಗೆ ಸೇರುವುದಿಲ್ಲ ಅಂತ ಊರಿಗೆ ಹೋಗಿ ನಿನ್ನ ಅಮ್ಮನಿಗೆ ಹೇಗೆ ಹೇಳಲಿ ಎಂದು ಕೇಳಿದರು.

"ಮಕ್ಕಳು ನನ್ನವೇ ಅಂತೆ, ಅಷ್ಟು ಹೇಳಿ" ಎಂದೆ. "ಅಮ್ಮನಿಗೆ ಅರ್ಥ ಆಗುತ್ತೆ."