ಕಳಪೆ ಬೀಜದ ಪುಡಿ

ಕಡಲೆಬೀಜ ಆರಿಸುವ ಆ ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಎಕ್ಸ್‌ರೇ ಅಕ್ಕ ಎಂದೇ ಕರೆಯುತ್ತಿದ್ದರು. ಹತ್ತೊಂಬತ್ತು ವರ್ಷ ಬೆಲ್ಟಿನ ಪಕ್ಕ ನಿಂತ ಹೆಂಗಸು. ಬೀಜಗಳು ಬೆಲ್ಟಿನ ಮೇಲೆ ಹರಿದು ಬರುತ್ತಿದ್ದರೆ ಸುಕ್ಕಿದ್ದು, ಒಡೆದದ್ದು, ಬಣ್ಣಗೆಟ್ಟದ್ದು, ಬೂಷ್ಟು ಹಿಡಿದದ್ದು ಎಲ್ಲವೂ ತಾವಾಗಿಯೇ ಅವಳ ಬೆರಳಿಗೆ ಬಂದು ಸಿಕ್ಕಿಕೊಳ್ಳುತ್ತಿದ್ದವು. ಮೇಲ್ವಿಚಾರಕನೂ ಅವಳ ಮುಂದೆ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಎದುರಾಡಿ ಬದುಕುವುದುಂಟೇ, ಬಾಯಿ ಅಂಥದ್ದು ಪುಣ್ಯಾತ್ಗಿತ್ತಿಯದು!

ಆರಿಸಿ ತೆಗೆದ ಕಳಪೆ ಬೀಜವನ್ನು ಸಂಜೆ ಹೆಂಗಸರು ಸೆರಗಿನಲ್ಲಿ ಕಟ್ಟಿಕೊಂಡು ಹೋಗುವುದು ಅಲ್ಲಿ ಮೊದಲಿನಿಂದ ಬಂದ ರೂಢಿ. ಮಾಲೀಕರು ಕಂಡೂ ಕಾಣದ ಹಾಗಿರುತ್ತಿದ್ದರು. ಉಳಿದವರು ಸಿಕ್ಕಿದ್ದನ್ನು ಒಯ್ದರೆ, ಎಕ್ಸ್‌ರೇ ಅಕ್ಕ ಹಾಗಲ್ಲ. ಮನೆಯಲ್ಲಿ ಅದನ್ನು ಮತ್ತೊಮ್ಮೆ ಹರಡಿ, ಕಪ್ಪಾದದ್ದನ್ನು ಎಸೆದು, ಉಳಿದದ್ದನ್ನು ಮೂರು ನೀರಲ್ಲಿ ತೊಳೆದು, ಒಣಗಿಸಿ, ಕೆಂಪಗೆ ಹುರಿದು, ಸಕ್ಕರೆ ಹಾಕಿ ಪುಡಿ ಮಾಡುತ್ತಿದ್ದಳು. ಒಂದು ಚಮಚವನ್ನೂ ತಾನು ತಿನ್ನುತ್ತಿರಲಿಲ್ಲ. ಅಷ್ಟೂ ತಮ್ಮನಿಗೆ. ನಾಲ್ಕು ವರ್ಷದ ಹಿಂದೆ ಅವನ ರಕ್ತದಲ್ಲಿ ಲಿವರಿಗೆ ಹತ್ತುವ ಹೆಪಟೈಟಿಸ್ ಬಿ ವೈರಸ್ ಸಿಕ್ಕಿತ್ತು. ಬಸ್ಸು ಓಡಿಸುವವನು, ಮನೆಯಲ್ಲಿ ಹೆಂಡತಿ, ಕೈಗೂಸು, ಹೊತ್ತು ಹೊತ್ತಿಗೆ ಊಟವಿಲ್ಲ, ಮೈಗೆ ಶಕ್ತಿ ಬರಲಿ ಎಂದು ಅವಳು ಅಂದಿನಿಂದ ವಾರಕ್ಕೊಂದು ಡಬ್ಬಿ ತುಂಬಿ ಕಳಿಸುತ್ತಿದ್ದಳು.

ಆ ವಾರ ಕಾರ್ಖಾನೆಗೆ ಹೊಸದಾಗಿ ಲ್ಯಾಬಿನ ಹುಡುಗಿ ಬಂದಳು. ಬಂದವಳೇ ಮಾಡಿದ ಮೊದಲ ಕೆಲಸ, ಕಳಪೆ ಬೀಜದ ರಾಶಿಯ ಮೇಲೆ ನೀಲಿ ಬಣ್ಣದ ನೀರು ಸುರಿಸಿದ್ದು. ಇನ್ನು ಯಾರೂ ತಿನ್ನುವಂತಿಲ್ಲ!

ಎಕ್ಸ್‌ರೇ ಅಕ್ಕನಿಗೆ ಮೈಯೆಲ್ಲ ಉರಿದುಹೋಯಿತು. "ತಿನ್ನೋ ವಸ್ತು ಕಣೇ ಇದು! ಹೊಟ್ಟೆಗೆ ಏನು ತಿಂತೀಯ ನೀನು?"

"ಬೂಷ್ಟು ಬಿಟ್ಟ ವಿಷ ಇದ್ರಲ್ಲೇ ಜಾಸ್ತಿ ಇರುತ್ತೆ ಅಕ್ಕ. ಲಿವರ್ ಹಾಳು ಮಾಡುತ್ತೆ. ವರ್ಷಗಟ್ಟಲೆ ತಿಂದ್ರೆ ಕ್ಯಾನ್ಸರ್ ಆಗೋ ಅಪಾಯ ಇದೆ. ಅದು ಕಣ್ಣಿಗೆ ಕಾಣಲ್ಲ."

"ನನ್ನ ಕಣ್ಣಿಗೂ?"

ಸುತ್ತ ನಿಂತವರು ಗೊಳ್ಳೆಂದು ನಕ್ಕರು. ಹುಡುಗಿ ಮಾತ್ರ ನಗಲಿಲ್ಲ. "ನಿಮ್ಮ ಕಣ್ಣಿಗೂ ಕಾಣಲ್ಲ," ಎಂದಳು.

ಇದನ್ನು ಸುಮ್ಮನೆ ಬಿಡುವ ಆಸಾಮಿಯೇ ಅಕ್ಕ? ಮರುದಿನ ಬೆಳಿಗ್ಗೆ, ತಮ್ಮನಿಗೆಂದು ತುಂಬಿಟ್ಟ ಡಬ್ಬಿಯನ್ನೇ ತಂದು ಲ್ಯಾಬಿನ ಮೇಜಿನ ಮೇಲೆ ಕುಕ್ಕಿದಳು. "ನೋಡು ಇದನ್ನ. ಏನೂ ಸಿಗ್ಲಿಲ್ಲ ಅಂದ್ರೆ ಎಲ್ಲರ ಮುಂದೆ ತಪ್ಪಾಯ್ತು ಅನ್ಬೇಕು."

ಹುಡುಗಿ ಪುಡಿಯನ್ನು ತೂಗಿ, ಯಾವುದೋ ದ್ರಾವಣದಲ್ಲಿ ಕದಡಿ, ಸೋಸಿ, ಪುಟ್ಟ ಪಟ್ಟಿಯೊಂದನ್ನು ಅದ್ದಿ ಯಂತ್ರದೊಳಗಿಟ್ಟಳು. ಅಕ್ಕ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತೇ ಇದ್ದಳು. ಯಂತ್ರದ ಅಂಕಿ ಅದರ ಅಳತೆಯ ಕೊನೆಗೇ ಹೋಗಿ ನಿಂತಿತು. ಹುಡುಗಿ ಆ ದ್ರಾವಣವನ್ನು ಇನ್ನಷ್ಟು ತೆಳ್ಳಗೆ ಮಾಡಿ ಮತ್ತೊಮ್ಮೆ ನೋಡಿದಳು. ಆಗಲೇ ಅಕ್ಕನ ಕೈ ಸೊಂಟದಿಂದ ಇಳಿದದ್ದು.

"ಮಿತಿಗಿಂತ ಮೂವತ್ತು ಪಟ್ಟು ಇದೆ ಅಕ್ಕ."

"ಹುರಿದಿದ್ದೀನಲ್ಲೇ! ಕೆಂಪಗೆ ಹುರಿದಿದ್ದೀನಿ!"

"ಹುರಿದ್ರೆ ಬೂಷ್ಟು ಸಾಯುತ್ತೆ. ವಿಷ ಸ್ವಲ್ಪ ಕಮ್ಮಿ ಆಗ್ಬಹುದು, ಪೂರ್ತಿ ಹೋಗಲ್ಲ. ಯಾರು ತಿಂತಾರೆ ಇದನ್ನ?"

"ನನ್ನ ತಮ್ಮ," ಎಂದಳು ಅಕ್ಕ. ಆಮೇಲೆ, "ಅವನಿಗೆ ಹೆಪಟೈಟಿಸ್ ಬಿ ಇದೆ," ಎಂದಳು. ಹುಡುಗಿಯ ಮುಖದ ಬಣ್ಣವೇ ಇಳಿದುಹೋಯಿತು. ಅದನ್ನು ಓದಲು ಯಾವ ಯಂತ್ರವೂ ಬೇಕಿರಲಿಲ್ಲ.

ಅದೇ ದಿನ ಮಧ್ಯಾಹ್ನ ತಮ್ಮನಿಗೆ ಲಿವರಿನ ಸ್ಕ್ಯಾನಿಂಗ್ ಇತ್ತು. ಆರು ತಿಂಗಳಿಗೊಮ್ಮೆ ಮಾಡಿಸಬೇಕಾದದ್ದನ್ನು ಈ ಮಹಾರಾಯ ಒಂದೂವರೆ ವರ್ಷ ತಳ್ಳಿಕೊಂಡು ಬಂದಿದ್ದ. ಅಕ್ಕ ಅರ್ಧ ದಿನ ರಜೆ ಹಾಕಿ ಆಸ್ಪತ್ರೆಗೆ ಓಡಿದಳು. ಅವನು ಬೆಂಚಿನ ಮೇಲೆ ಕಾಲಾಡಿಸುತ್ತಾ ಕೂತಿದ್ದ.

"ಏನಕ್ಕ, ಸ್ಕ್ಯಾನಿಂಗ್ ನನಗೆ, ಮುಖ ಬಾಡಿರೋದು ನಿಂದು!"

ಹೇಳಬೇಕೆಂದು ಬಾಯಿ ತೆರೆದಳು. ಅಷ್ಟರಲ್ಲಿ ನರ್ಸ್ ಅವನನ್ನು ಒಳಗೆ ಕರೆದಳು.

ಬಾಗಿಲು ಮುಚ್ಚಿತು. ಅಕ್ಕ ಒಬ್ಬಳೇ ಉಳಿದಳು. ನಾಲ್ಕು ವರ್ಷ, ವಾರಕ್ಕೊಂದು ಡಬ್ಬಿ. ಲೆಕ್ಕ ಹಾಕಲು ಹೋದ ಮನಸ್ಸು ಅರ್ಧಕ್ಕೇ ನಿಂತಿತು. ಲಿವರಿನಲ್ಲಿ ಗಂಟು ಸಿಕ್ಕರೆ? ಸಿಕ್ಕರೆ ಆ ರೋಗದ್ದೇ ಅಂತಾರೆ, ಪುಡಿಯ ಸುದ್ದಿ ಯಾರಿಗೂ ಗೊತ್ತಾಗುವುದಿಲ್ಲ ಎಂದು ಒಳಗೊಂದು ದನಿ ಹೇಳಿತು. ತನ್ನ ಮೇಲೆ ತನಗೇ ಹೇಸಿಗೆಯಾಯಿತು. ದೇವರೇ, ನನ್ನ ಕೈಯಾರೆ ಕೊಂದೆನೇನೋ ಇವನನ್ನ, ಎಂದು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

ಸ್ವಲ್ಪ ಹೊತ್ತಿನ ಮೇಲೆ ವೈದ್ಯೆ ಇಬ್ಬರನ್ನೂ ಕೂರಿಸಿಕೊಂಡರು. ವರದಿಯ ಮೇಲಿನಿಂದ ಕೆಳಗಿನವರೆಗೆ ಬೆರಳಾಡಿಸಿ, "ಗಂಟು ಏನೂ ಕಾಣ್ತಿಲ್ಲ. ಲಿವರ್ ಚೆನ್ನಾಗೇ ಇದೆ," ಎಂದರು.

ಅಕ್ಕನಿಗೆ ಹೋದ ಜೀವ ಬಂದಂತಾಯಿತು. ಇಲ್ಲಿಗೇ ಸುಮ್ಮನಾಗಬಹುದಿತ್ತು. ಮನೆಗೆ ಹೋಗಿ ಉಳಿದ ಪುಡಿಯನ್ನೆಲ್ಲ ಚೆಲ್ಲಿದ್ದರೆ ಮುಗಿದೇ ಹೋಗುತ್ತಿತ್ತು.

"ಚೆನ್ನಾಗಿರದೆ ಏನು ಡಾಕ್ಟ್ರೇ," ತಮ್ಮ ಬೀಗಿದ. "ನಮ್ಮಕ್ಕ ಮಾಡೋ ಬೀಜದ ಪುಡಿ ಇದೆಯಲ್ಲ, ದುಡ್ಡು ಕೊಟ್ರೂ ಸಿಗಲ್ಲ!"

ಆ ಮಾತು ಅಕ್ಕನ ಕರುಳಿಗೇ ಚುಚ್ಚಿತು. ತಡೆದುಕೊಳ್ಳಲಾಗದೆ ಎಲ್ಲವನ್ನೂ ಹೇಳಿಬಿಟ್ಟಳು. ಕಳಪೆ ರಾಶಿ, ಹುರಿದದ್ದು, ಬೆಳಗಿನ ಪರೀಕ್ಷೆ, ಮೂವತ್ತು ಪಟ್ಟು. ಹೇಳುತ್ತಾ ತಮ್ಮನ ಕಡೆ ನೋಡಲಿಲ್ಲ.

ವೈದ್ಯೆ ಬೈಯಲಿಲ್ಲ. "ಇವತ್ತೇ ನಿಲ್ಲಿಸಿ. ಈ ವಿಷ ಒಂದೇ ಇದ್ರೂ ಅಪಾಯ, ಆ ವೈರಸ್ ಒಂದೇ ಇದ್ರೂ ಅಪಾಯ. ಎರಡೂ ಸೇರಿದ್ರೆ ಅದು ಕೂಡಿಸೋ ಲೆಕ್ಕ ಅಲ್ಲಮ್ಮ, ಗುಣಿಸೋ ಲೆಕ್ಕ. ಇವರು ನಾಲ್ಕು ವರ್ಷ ತಿಂದಿದ್ದಾರೆ ಅಂದ್ರೆ ಇನ್ನು ಒಂದು ಸ್ಕ್ಯಾನಿಂಗೂ ತಪ್ಪಿಸ್ಬಾರದು."

ಅಕ್ಕ ತಲೆ ಎತ್ತಿ ತಮ್ಮನನ್ನು ನೋಡಿದಳು. ಬೈಯುತ್ತಾನೆ, ಇಲ್ಲ ಎಂದಿನಂತೆ ಏನಾದರೂ ತಮಾಷೆ ಮಾಡಿ ಹಗುರ ಮಾಡುತ್ತಾನೆ ಎಂದುಕೊಂಡಿದ್ದಳು. ಅವನು ಎರಡೂ ಮಾಡಲಿಲ್ಲ. ಮುಖ ಬಿಳಿಚಿಕೊಂಡಿತ್ತು.

"ನಾನು ತಿಂದಿಲ್ಲ ಅಕ್ಕ."

"ಏನಂದೆ?"

"ನನಗೆ ಅದು ಗಂಟಲಲ್ಲಿ ಇಳೀತಿರ್ಲಿಲ್ಲ. ನೀನು ಅಷ್ಟು ಕಷ್ಟಪಟ್ಟು ಮಾಡ್ತಿದ್ದೆ, ಬೇಜಾರು ಮಾಡ್ಕೋತೀಯ ಅಂತ ಹೇಳ್ಲಿಲ್ಲ." ಅವನು ವೈದ್ಯೆಯ ಕಡೆ ತಿರುಗಿದ. "ಮಗೂಗೆ ಇಷ್ಟ ಆಗ್ತಿತ್ತು. ದಿನಾ ಹಾಲಲ್ಲಿ ಕಲಸಿ ಕೊಡ್ತಿದ್ವಿ."

ಜಗಳಕ್ಕೆ ನಿಂತರೆ ಕಾರ್ಖಾನೆಯನ್ನೇ ತಲೆಕೆಳಗು ಮಾಡುವ ಹೆಂಗಸು ಮೇಜಿನ ಅಂಚು ಹಿಡಿದುಕೊಂಡು ಕೂತಳು.

ವೈದ್ಯೆ ಹೊಸ ಚೀಟಿ ಎಳೆದುಕೊಂಡರು. "ಮಗೂಗೆ ಹೆಪಟೈಟಿಸ್ ಲಸಿಕೆ ಹಾಕಿಸಿದ್ದೀರಾ?"

"ಹಾಕ್ಸಿದ್ದೀವಿ. ಹುಟ್ಟಿದಾಗ್ಲೇ."

"ಅದೊಂದು ಒಳ್ಳೇದಾಯ್ತು. ನಾಳೆ ಕರ್ಕೊಂಡು ಬನ್ನಿ, ರಕ್ತ ನೋಡೋಣ. ವಯಸ್ಸೆಷ್ಟು?"

"ಐದು."

"ಯಾವಾಗಿಂದ ಕೊಡ್ತಿದ್ದೀರಿ?"

ತಮ್ಮ ಅಕ್ಕನ ಮುಖ ನೋಡಿದ. ಬೇಡ, ಹೇಳಬೇಡ ಎನ್ನುವಂತೆ ಅವಳು ತಲೆಯಾಡಿಸುತ್ತಿದ್ದಳು.

"ಹಲ್ಲು ಬಂದಾಗಿಂದ," ಎಂದ.