ಯಾರನ್ನು ಅಳಿಸೋದು?

ನೇಕಾರನ ಮಗಳು ಅಂಗಡಿ ಸೀರೆ ಉಟ್ಟು ಹಸೆಮಣೆ ಏರಿದರೆ ದೊಡ್ಡಬಳ್ಳಾಪುರದಲ್ಲಿ ಅಪ್ಪನಾದವನು ತಲೆ ಎತ್ತಿ ನಡೆಯುವ ಹಾಗಿಲ್ಲ. ಆ ಗಂಡಾಂತರ ಕೋದಂಡರಾಮಯ್ಯನವರಿಗೆ ಒದಗಿದ್ದು ತೊಂಬತ್ತೇಳರ ಒಂದು ಮಧ್ಯಾಹ್ನ, ಕಂಪ್ಯೂಟರಿನ ಹೊಟ್ಟೆ ತುಂಬಿದ್ದರಿಂದ.

ಆರು ಮಗ್ಗಗಳ ಯಜಮಾನರು. ಸೀರೆಯ ಅಂಚು ಬಿಡಿಸಲು ಬೆಂಗಳೂರಿನಿಂದ ಯಾರೋ ಬಳಸಿ ಬಿಟ್ಟ ಕಂಪ್ಯೂಟರ್ ತಂದು ನಾಲ್ಕು ವರ್ಷವಾಗಿತ್ತು. ಬೆಳಗಿನಿಂದ ಕೂತು ಮಗಳು ಅನಿತಳ ಧಾರೆ ಸೀರೆಯ ಅಂಚು ಮುಗಿಸಿದರೆ, ಉಳಿಸಿಕೊಳ್ಳಲು ಜಾಗವೇ ಇಲ್ಲ ಎಂದಿತು ಆ ಯಂತ್ರ. ಫ್ಲಾಪಿಗೆ ಹಾಕೋಣವೆಂದರೆ ಅದನ್ನು ತೂರಿಸುವ ಬಾಯಿಗೆ ಮಗ್ಗದ ಧೂಳು ಮೆತ್ತಿ ವರ್ಷವಾಗಿತ್ತು. ನಾಲ್ಕಕ್ಕೆ ದಿನವೂ ಕರೆಂಟು ಹೋಗುತ್ತದೆ. ಹೋದರೆ ಪಟ್ಟ ಪಾಡೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಹಿಂಡಿದ ಹಾಗೆ. ಮತ್ತೆ ಬಿಡಿಸಿ ನೇಯುವಷ್ಟು ದಿನ ಮದುವೆಗೆ ಉಳಿದಿರಲಿಲ್ಲ.

ಹಳೆಯದೊಂದನ್ನು ಅಳಿಸಿದರಾಯಿತಲ್ಲ ಎನ್ನುವವರಿಗೆ ಈ ಮನೆಯ ಪದ್ಧತಿ ಗೊತ್ತಿಲ್ಲ. ಪ್ರತಿ ಡಿಸೈನಿಗೂ ಅದನ್ನು ಮೊದಲು ಉಟ್ಟ ಮದುಮಗಳ ಹೆಸರು. ಅದನ್ನು ಕೈಬಿಡುವಾಗ ಆಕೆಯ ಮನೆಗೆ ಎಲೆ ಅಡಿಕೆ ಕೊಂಡೊಯ್ದು ಒಪ್ಪಿಗೆ ಕೇಳಬೇಕು. ಅಪ್ಪನ ಕಾಲದ ಡಿಸೈನುಗಳ ಜೊತೆಗೆ ಈ ಪದ್ಧತಿಯನ್ನೂ ಈ ಮಹರಾಯರು ಕಂಪ್ಯೂಟರಿಗೆ ತುಂಬಿಸಿದ್ದರು. ಎರಡು ಗಂಟೆಗೆ ತಟ್ಟೆ ಹಿಡಿದು ಹೊರಟರು.

"ಅಳಿಸೋಕೆ ನಾನೇನು ಸತ್ತೋಗಿದ್ದೀನಾ?" ಎಂದರು ಮೊದಲ ಮನೆಯ ಅಮ್ಮಯಮ್ಮ.

ಪಿಳ್ಳಣ್ಣ ತನ್ನ ಮಗಳ ಪರವಾಗಿ ಯೋಚಿಸಿ ಹೇಳಿದ. "ಅವಳೀಗ ಏಳು ತಿಂಗಳ ಬಸುರಿ ಗುರು, ಇಂಥ ಟೈಮಲ್ಲಿ ಬೇಡ. ಎದುರುಮನೆಯೋರನ್ನ ಅಳಿಸ್ಬಿಡು, ನಾವೇನೂ ಅನ್ಕೊಳಲ್ಲ."

ಎದುರುಮನೆಯವರು ಇದನ್ನು ಕೇಳಿಸಿಕೊಂಡರು. ಅಲ್ಲಿಂದ ಮುಂದೆ ಬೀದಿರಂಪವೇ ಆಯಿತು. ಅದೇ ಬೀದಿಯಲ್ಲಿ ತಮ್ಮನ ಮನೆಯಲ್ಲಿದ್ದ ಲಕ್ಷ್ಮೀದೇವಮ್ಮ ಮಾತ್ರ ಜಗಳವಾಡಲಿಲ್ಲ. ತಟ್ಟೆ ಮುಟ್ಟದೆ ಬಾಗಿಲು ಹಾಕಿಕೊಂಡರು.

ಮೂರೂವರೆಗೆ ಹತ್ತು ಹೆಂಗಸರು ಕಂಪ್ಯೂಟರಿನ ಮುಂದೆ ಕಾವಲು ಕೂತಿದ್ದರು. ತನ್ನ ಹೆಸರು ಪಟ್ಟಿಯ ತಳದಲ್ಲಿ ಯಾಕಿದೆ ಎಂದು ಒಬ್ಬಳ ತಕರಾರು. ಅಮ್ಮಯಮ್ಮ ಪರದೆಗೆ ಕುಂಕುಮ ಹಚ್ಚಿ ಕೈಮುಗಿದರು. ಕೋದಂಡರಾಮಯ್ಯನವರು ಗಡಿಯಾರ ನೋಡುತ್ತಲೇ ಇದ್ದರು.

ಅವರ ಹೆಂಡತಿ ಶಕುಂತಲಮ್ಮ ಅಡುಗೆಮನೆಯಿಂದ ಬಂದರು.

"ನನ್ನನ್ನ ಅಳಿಸಿ."

"ಆಗಲ್ಲ ಕಣೇ."

"ಸೀರೆ ಬೀರುವಲ್ಲಿದೆ, ನಾನು ಇಲ್ಲೇ ಇದ್ದೀನಿ. ಇನ್ನೈದು ನಿಮಿಷಕ್ಕೆ ಇರದೇ ಇರೋದು ಕರೆಂಟು. ಒತ್ತಿ."

ನಿಜವಾಗಿಯೂ ಅಳಿಸಲೇ ಎಂದು ಯಂತ್ರ ಕೇಳಿತು. ಮೂವತ್ತು ವರ್ಷ ಜೊತೆಗೆ ಬಾಳಿದ ಗಂಡಸಿಗೆ ಕಣ್ಣು ತುಂಬಿ ಬಂತು. ಶಕುಂತಲಮ್ಮನೇ ಅವರ ಬೆರಳು ಹಿಡಿದು ಗುಂಡಿ ಒತ್ತಿದರು. ಪಟ್ಟಿಯಲ್ಲಿ ಆ ಜಾಗಕ್ಕೆ ಅನಿತ ಬಂದು ಕೂತಳು. ಅಷ್ಟರಲ್ಲೇ ಕರೆಂಟು ಹೋಗಿ ಮಗ್ಗಗಳೆಲ್ಲ ನಿಂತವು.

ಹೆಂಗಸರು ಕಾಫಿ ಕುಡಿದು, ಶಕುಂತಲಮ್ಮನನ್ನು ಹೊಗಳಿ ಹೊರಟರು. ಆಗ ಲಕ್ಷ್ಮೀದೇವಮ್ಮ ಒಳಗೆ ಬಂದರು.

"ತಟ್ಟೆ ಮುಟ್ಟಲಿಲ್ಲ ಅಂತ ಬೇಜಾರು ಮಾಡ್ಕೋಬೇಡ ಕೋದಂಡ. ನಿನ್ನ ಹೆಂಡ್ತಿ ಹೆಸರು ಹೇಳೋಕೆ ಮಗಳಿದಾಳೆ. ನನಗೆ ಹೊಟ್ಟೇಲಿ ಹುಟ್ಟಿದ್ದು ಒಂದೂ ಇಲ್ಲ. ನಿನ್ನ ಪೆಟ್ಟಿಗೇಲಿ ಇರೋದು ಅಷ್ಟೇ."

"ನಿಮ್ಮದು ಹಾಗೇ ಇದೆ ಅಕ್ಕ."

"ಎಲ್ಲಿ, ತೋರಿಸು."

"ಕರೆಂಟು ಬರೋದು ಆರಕ್ಕೆ."

"ಬರಲಿ. ಇದ್ದೀನಾ ಅಂತ ನೋಡ್ಕೊಂಡೇ ಹೋಗ್ತೀನಿ" ಎಂದು ಲಕ್ಷ್ಮೀದೇವಮ್ಮ ಕುರ್ಚಿ ಎಳೆದು, ಕಪ್ಪಾದ ಪರದೆಯ ಎದುರು ಕೂತರು.